ಕುದುರೆಯ ಮುಖ ಬಿಗಿದಿದ್ದರೆ: ಲಕ್ಷಣ ನೋಡಿ ಕಾರಣ ಹುಡುಕುವ ಕೈಪಿಡಿ

ಲಾಯದಲ್ಲಿ ಪದೇ ಪದೇ ಕಿವಿಗೆ ಬೀಳುವ ಮಾತು, "ಇದಕ್ಕೆ ಪೊಗರು ಜಾಸ್ತಿ." ಜೀನು ಹಾಕುವಾಗ ಕಚ್ಚಲು ಬಂದರೆ ಪೊಗರು, ಕ್ಯಾಂಟರ್ (ಹದವಾದ ನೆಗೆತದ ಓಟ) ಕೇಳಿದಾಗ ಬಾಲ ಬೀಸಿದರೆ ಪೊಗರು, ಮೈದಾನದ ಒಂದು ಮೂಲೆಗೆ ಹೋಗಲು ಒಪ್ಪದಿದ್ದರೆ ಹಟ. ಇಲ್ಲಿ ಆ ಎರಡು ಪದಗಳಿಗೆ ಪಟ್ಟಿಯ ಕಟ್ಟಕಡೆಯ ಜಾಗ. ಅದಕ್ಕೆ ಮೊದಲು ನೋವು, ಸಾಮಾನು, ಜಾಗ, ಸವಾರ ಈ ನಾಲ್ಕನ್ನೂ ಒಂದೊಂದಾಗಿ ನೋಡಿ ಬಿಡಬೇಕು.

ಕುದುರೆಯ ಮುಖದಲ್ಲಿ ಏನು ಕಂಡಿತು ಎನ್ನುವಷ್ಟೇ ಅದು ಯಾವ ಗಳಿಗೆಯಲ್ಲಿ ಕಂಡಿತು ಎನ್ನುವುದೂ ಮುಖ್ಯ. ಯಾರೂ ಹತ್ತಿರವಿಲ್ಲದಾಗಲೂ ಮುಖ ಬಿಗಿದಿದ್ದರೆ ಕಾಯಿಲೆ ಅಥವಾ ನೋವಿನ ಕಡೆ ನೋಡಿ. ಜೀನು ಕಂಡ ಕೂಡಲೇ ಬಿಗಿದರೆ ಬೆನ್ನು, ಜೀನು, ಹೊಟ್ಟೆ. ಕಡಿವಾಣ ಬಾಯಿಗೆ ಹೋದಾಗ ಬಿಗಿದರೆ ಹಲ್ಲು, ತುಟಿ, ನಾಲಿಗೆ. ಎಡಕ್ಕೆ ತಿರುಗುವಾಗ ಮಾತ್ರ ಬಿಗಿದರೆ ಕಾಲು. ಒಂದೇ ಜಾಗದಲ್ಲಿ ಬಿಗಿದರೆ ಭಯ, ಇಲ್ಲವೇ ಕಣ್ಣು. ಹಾಗಾಗಿ ಒಂದು ಚೀಟಿ ಇಟ್ಟುಕೊಂಡು "ಕಿವಿ ಹಿಂದಕ್ಕೆ" ಎಂದು ಬರೆಯುವಾಗ ಪಕ್ಕದಲ್ಲೇ "ಹೊಟ್ಟೆಪಟ್ಟಿ ಎಳೆದಾಗ" ಎಂದೂ ಬರೆಯಿರಿ. ಆ ಪಕ್ಕದ ಮಾತಿನಿಂದಲೇ ಅರ್ಧ ಕೆಲಸ ಆಗಿಬಿಡುತ್ತದೆ.

ಮೊದಲು ಎರಡು ನಿಮಿಷ ದೂರದಿಂದ

ಕೈಯಲ್ಲಿ ಮೇವು, ಲಗಾಮು ಏನೂ ಇಲ್ಲದೆ ಲಾಯದಿಂದ ನಾಲ್ಕೈದು ಹೆಜ್ಜೆ ಆಚೆ ನಿಂತು ನೋಡಿ. ಕುದುರೆ ಬೇಟೆಗೆ ಸಿಗುವ ಜಾತಿಯ ಪ್ರಾಣಿ, ಮನುಷ್ಯರು ಎದುರಿಗೆ ನಿಂತರೆ ನೋವನ್ನು ಎಷ್ಟೋ ಅಡಗಿಸಿಕೊಳ್ಳುತ್ತದೆ. ಮೊಬೈಲನ್ನು ಕಂಬಕ್ಕೆ ಕಟ್ಟಿ, ವಿಡಿಯೊ ಹಚ್ಚಿ, ಕಾಲು ಗಂಟೆ ಅಲ್ಲಿಂದ ಹೊರಟುಬಿಟ್ಟರೆ ಇನ್ನೂ ನಿಜವಾದ ಮುಖ ಸಿಗುತ್ತದೆ.

ನೆಮ್ಮದಿಯಾಗಿರುವ ಕುದುರೆಯ ಕಿವಿಗಳು ಒಂದೊಂದು ಕಡೆಗೆ ತಿರುಗುತ್ತಿರುತ್ತವೆ. ಕಣ್ಣ ಮೇಲಿನ ಚರ್ಮದಲ್ಲಿ ಸುಕ್ಕಿರುವುದಿಲ್ಲ. ಹೊಳ್ಳೆ ಮೆತ್ತಗಿರುತ್ತದೆ, ಕೆಳತುಟಿ ಸ್ವಲ್ಪ ಜೋತಿರುತ್ತದೆ, ಗದ್ದ ಮುಟ್ಟಿದರೆ ಅಲುಗುತ್ತದೆ. ಒಂದು ಹಿಂಗಾಲನ್ನು ಗೊರಸಿನ ತುದಿಯ ಮೇಲೆ ಸಡಿಲ ಬಿಟ್ಟು ನಿಂತಿದ್ದರೆ ಅದು ವಿಶ್ರಾಂತಿ. ಮುಂಗಾಲನ್ನು ಹಾಗೆ ಮುಂದೆ ಚಾಚಿ ನಿಂತಿದ್ದರೆ ವಿಶ್ರಾಂತಿ ಅಲ್ಲ, ಆ ಕಾಲಲ್ಲಿ ನೋವಿದೆ ಎಂದೇ ತಿಳಿಯಿರಿ.

ಬೆಳಿಗ್ಗೆ ಮೈಮೇಲೆ, ಬಾಲದಲ್ಲಿ ಹುಲ್ಲಿನ ಕಡ್ಡಿ ಅಂಟಿದೆಯೇ ಎಂದೂ ನೋಡಿ. ಅಂಟಿದ್ದರೆ ರಾತ್ರಿ ಮಲಗಿದೆ ಎಂದರ್ಥ. ಕುದುರೆ ನಿಂತೇ ತೂಕಡಿಸಬಲ್ಲದು, ಆದರೆ ಗಾಢ ನಿದ್ದೆಗೆ ಮೈ ಚೆಲ್ಲಲೇಬೇಕು. ಭಯವಿರುವ, ಕೀಲು ನೋವಿರುವ ಕುದುರೆ ದಿನಗಟ್ಟಲೆ ಮಲಗುವುದಿಲ್ಲ. ಲಾಯ ಗುಡಿಸುವವರಿಗೆ ಇದು ಚೆನ್ನಾಗಿ ಗೊತ್ತಿರುತ್ತದೆ, ಅವರನ್ನು ಯಾರೂ ಕೇಳುವುದಿಲ್ಲ ಅಷ್ಟೆ.

ಹೀಗೆ ನೆಮ್ಮದಿಯಾಗಿದ್ದಾಗ ಎರಡೂ ಪಕ್ಕದಿಂದ ಮುಖದ ಫೋಟೊ ತೆಗೆದಿಟ್ಟುಕೊಳ್ಳಿ. ಹುಟ್ಟಿನಿಂದಲೇ ಗದ್ದ ಉಬ್ಬಿದ, ಕಣ್ಣ ಮೇಲೆ ಗೆರೆಯಿರುವ ಕುದುರೆಗಳಿವೆ. ನಾಳೆಯ ಮುಖವನ್ನು ಹೋಲಿಸಬೇಕಾದದ್ದು ಪಕ್ಕದ ಲಾಯದ ಕುದುರೆಯೊಂದಿಗಲ್ಲ, ಈ ಫೋಟೊದೊಂದಿಗೆ.

ಇವು ಕಂಡರೆ ಮುಂದೆ ಓದಬೇಡಿ, ವೈದ್ಯರಿಗೆ ಫೋನ್ ಮಾಡಿ

ಹೊಟ್ಟೆಯ ಕಡೆ ತಿರುಗಿ ತಿರುಗಿ ನೋಡುವುದು, ಮುಂಗಾಲಿನಿಂದ ನೆಲ ಕೆರೆಯುವುದು, ಮಲಗಿ ಏಳುವುದು, ಹೊರಳಾಡುವುದು, ಲದ್ದಿ ನಿಂತಿರುವುದು: ಇದು ಹೊಟ್ಟೆನೋವು, ಲಾಯದ ಭಾಷೆಯಲ್ಲಿ ಕಾಲಿಕ್. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಕಟ್ಟಿಕೊಂಡದ್ದು ಮೇಲಕ್ಕೆ ಬರುವ ದಾರಿಯೇ ಇಲ್ಲ. ಮೇವು ತೆಗೆದುಬಿಡಿ. ದನಕ್ಕೆ ಹಾಕುವಂತೆ ಗೊಟ್ಟದಲ್ಲಿ ಎಣ್ಣೆ ಹುಯ್ಯಲು ಹೋಗಬೇಡಿ. ಎಣ್ಣೆ ಶ್ವಾಸಕೋಶಕ್ಕೆ ಇಳಿದರೆ ಹೊಟ್ಟೆನೋವಿಗಿಂತ ದೊಡ್ಡ ಅನಾಹುತ. ಮನೆಯಲ್ಲಿರುವ ನೋವಿನ ಮಾತ್ರೆಯನ್ನೂ ಕೊಡಬೇಡಿ, ವೈದ್ಯರು ನೋಡಬೇಕಾದ ಲಕ್ಷಣವೇ ಅದರಿಂದ ಮುಚ್ಚಿಹೋಗುತ್ತದೆ.

ಕಿವಿಗಳು ನೆಟ್ಟಗೆ ಸೆಟೆದು, ಹೊಳ್ಳೆ ಅರಳಿ, ಬಾಲ ಕೋಲಿನಂತೆ ಎದ್ದು ನಿಂತಿದೆ. ನೋಡಿದವರು "ಎಷ್ಟು ಚುರುಕಾಗಿದೆ" ಎನ್ನುತ್ತಾರೆ. ಕಣ್ಣಿನ ಒಳಮೂಲೆಯಿಂದ ಬಿಳಿ ಪೊರೆಯೊಂದು ಜಾರಿ ಬಂದು ಕಣ್ಣನ್ನು ಅಡ್ಡಗಟ್ಟುತ್ತಿದೆಯೇ ನೋಡಿ. ಬರುತ್ತಿದ್ದರೆ ಅದು ಧನುರ್ವಾಯು ಆಗಿರಬಹುದು. ಗೊರಸಿಗೆ ಮೊಳೆ ಚುಚ್ಚಿದ ಹಳೆಯ ಗಾಯ ಸಾಕು ಇದಕ್ಕೆ. ಕತ್ತಲೆ, ನಿಶ್ಶಬ್ದ ಇರುವ ಕಡೆ ನಿಲ್ಲಿಸಿ ವೈದ್ಯರಿಗಾಗಿ ಕಾಯಿರಿ.

ಮುಂಗಾಲುಗಳನ್ನು ಮುಂದಕ್ಕೆ ಚಾಚಿ, ಭಾರವನ್ನೆಲ್ಲ ಹಿಂದಕ್ಕೆ ಹಾಕಿ ನಿಂತು, ತಿರುಗಲು ಒಪ್ಪುತ್ತಿಲ್ಲ. ಗೊರಸು ಮುಟ್ಟಿದರೆ ಬಿಸಿ. ಇದು ಗೊರಸಿನ ಒಳಪದರದ ಉರಿಯೂತ, ಲ್ಯಾಮಿನೈಟಿಸ್. ನಡೆಸಬೇಡಿ.

ಸ್ವಭಾವ ದಿಢೀರನೆ ಬದಲಾಗಿ ಕಂಡದ್ದನ್ನೆಲ್ಲ ಕಚ್ಚುತ್ತಿದೆ, ಜೊಲ್ಲು ಸುರಿಯುತ್ತಿದೆ, ನುಂಗಲಾಗುತ್ತಿಲ್ಲ ಎಂದಾದರೆ ಬಾಯೊಳಗೆ ಕೈ ಹಾಕಬೇಡಿ. ಗಂಟಲಲ್ಲಿ ಮೇವು ಸಿಕ್ಕಿರಬಹುದು, ರೇಬಿಸ್ ಕೂಡ ಆಗಿರಬಹುದು. ಹೊರಗಿನಿಂದ ನೋಡಿ ಎರಡನ್ನೂ ಬೇರೆ ಮಾಡಲು ಆಗುವುದಿಲ್ಲ.

ಫೋನಿನಲ್ಲಿ ಹೇಳಲು ಮೂರು ಅಂಕಿ ಬೇಕಾಗುತ್ತವೆ. ವಿಶ್ರಾಂತಿಯಲ್ಲಿರುವ ದೊಡ್ಡ ಕುದುರೆಯ ನಾಡಿ ನಿಮಿಷಕ್ಕೆ 28ರಿಂದ 44, ಉಸಿರು 8ರಿಂದ 16, ಗುದದ್ವಾರದಲ್ಲಿ ನೋಡಿದ ಉಷ್ಣಾಂಶ 37.5ರಿಂದ 38.5 ಡಿಗ್ರಿ ಸೆಲ್ಸಿಯಸ್. ದವಡೆಯ ಮೂಳೆಯ ಒಳಅಂಚಿನಲ್ಲಿ ಬೆರಳಿಟ್ಟರೆ ದಾರದ ದಪ್ಪದ ರಕ್ತನಾಳ ಜಾರುತ್ತದೆ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಿ. ಸುಮ್ಮನೆ ನಿಂತಿರುವಾಗಲೇ ನಾಡಿ 60 ದಾಟಿದ್ದರೆ ಬೆಳಗಾಗಲಿ ಎಂದು ಕಾಯುವ ಹಾಗಿಲ್ಲ. ನಿಮ್ಮ ವೈದ್ಯರು ಸಿಗದಿದ್ದರೆ ಕರ್ನಾಟಕದಲ್ಲಿ ಪಶು ಸಂಜೀವಿನಿ ಸಹಾಯವಾಣಿ 1962 ಇದೆ.

ಹತ್ತಿರ ಹೋಗುವಾಗ

ಕುದುರೆಗೆ ಸುತ್ತ ಸುಮಾರು 350 ಡಿಗ್ರಿ ಕಾಣುತ್ತದೆ. ಕಾಣದಿರುವುದು ಬಾಲದ ನೇರ ಹಿಂದೆ ಮತ್ತು ಹಣೆಯ ನೇರ ಮುಂದೆ. ಅಲ್ಲಿಂದ ದಿಢೀರನೆ ಕೈ ಚಾಚಿದರೆ ಎಂಥ ಸಾಧುವೂ ಬೆಚ್ಚುತ್ತದೆ. ಮಾತಾಡಿಸುತ್ತ ಭುಜದ ಕಡೆಯಿಂದ ಹೋಗಿ. ಹಗ್ಗವನ್ನು ಕೈಗೆ ಸುತ್ತಿಕೊಳ್ಳಬೇಡಿ. ನೋವಿರಬಹುದಾದ ಜಾಗ ಮುಟ್ಟಿ ನೋಡುವಾಗ ಕುದುರೆಯನ್ನು ಗಟ್ಟಿಯಾಗಿ ಕಟ್ಟಬೇಡಿ, ಇನ್ನೊಬ್ಬರು ಹಿಡಿದಿರಲಿ, ಅವರು ನೀವಿರುವ ಪಕ್ಕದಲ್ಲೇ ನಿಲ್ಲಲಿ. ಆಗ ತಲೆಯನ್ನು ನಿಮ್ಮ ಕಡೆಗೆ ಎಳೆದರೆ ಹಿಂಭಾಗ ನಿಮ್ಮಿಂದ ಆಚೆ ತಿರುಗುತ್ತದೆ. ಕಾಲಿನ ಬಳಿ ಕುಕ್ಕರಗಾಲಲ್ಲಿ ಇರಿ, ಮಂಡಿಯೂರಬೇಡಿ. ಲಾಯದ ಬಾಗಿಲು ನಿಮ್ಮ ಬೆನ್ನ ಹಿಂದೆ ತೆರೆದಿರಲಿ.

ಲಕ್ಷಣ: ಕಿವಿ ಹಿಂದಕ್ಕೆ ಹೋಗುತ್ತಿದೆ

ಎಲ್ಲರೂ ಮೊದಲು ನೋಡುವುದು ಕಿವಿ. ಎಲ್ಲರೂ ಹೆಚ್ಚು ತಪ್ಪು ಓದುವುದೂ ಕಿವಿಯನ್ನೇ. ಸವಾರಿಯಲ್ಲಿ ಒಂದು ಕಿವಿ ಹಿಂದಕ್ಕೆ ತಿರುಗಿ ಮತ್ತೆ ಮುಂದೆ ಬರುತ್ತಿದ್ದರೆ ನಿಮ್ಮ ಮಾತಿಗೆ ಕಿವಿಗೊಟ್ಟಿದೆ, ಚಿಂತೆ ಬೇಡ. ಎರಡೂ ಕಿವಿ ತಲೆಗೆ ಅಂಟಿದಂತೆ ಮಲಗಿ, ಹೊಳ್ಳೆಯ ಹಿಂದೆ ಸುಕ್ಕು ಬಿದ್ದರೆ ಬೆದರಿಕೆ, ಹಿಂದೆ ಸರಿಯಿರಿ. ಹುರುಳಿಯ ಬಕೆಟ್ಟು ಬಂದಾಗ ಮಾತ್ರ, ಅದೂ ಪಕ್ಕದ ಕುದುರೆಯ ಕಡೆಗೆ ಮಾತ್ರ ಹೀಗಾದರೆ ಅದು ಮೇವಿನ ಜಗಳ. ನಡುವೆ ಒಂದು ಹಲಗೆ ಹೊಡೆದರೆ ಮುಗಿಯಿತು.

ನೋವಿನ ಕಿವಿ ಬೇರೆ ಥರ. ಪೂರ್ತಿ ಮಲಗುವುದಿಲ್ಲ, ಬುಡದಲ್ಲಿ ಸೆಟೆದು ಹಿಂದಕ್ಕೆ ತಿರುಗಿ ಹಾಗೇ ನಿಲ್ಲುತ್ತದೆ. ಮುಂದಿನಿಂದ ನೋಡಿದರೆ ಎರಡು ಕಿವಿಗಳ ನಡುವಿನ ಅಂತರ ಎಂದಿಗಿಂತ ಅಗಲವಾಗಿ ಕಾಣುತ್ತದೆ. ಸದ್ದು ಮಾಡಿದರೂ ಹೆಚ್ಚು ಅಲುಗುವುದಿಲ್ಲ. ಮಾರ್ವಾರಿ, ಕಾಠಿಯಾವಾಡಿ ತಳಿಯ ಕುದುರೆಗಳ ಕಿವಿಯ ತುದಿ ಒಳಕ್ಕೆ ಬಾಗಿ ಒಂದಕ್ಕೊಂದು ತಾಗುವಂತಿರುವುದರಿಂದ ತುದಿ ನೋಡಿ ಏನೂ ತಿಳಿಯದು, ಬುಡವನ್ನೇ ನೋಡಬೇಕು.

ಅಗ್ಗದ ತಪಾಸಣೆ ಎರಡು. ಕಿವಿಯೊಳಗೆ ರಕ್ತ ಹೀರುವ ಉಣ್ಣಿ, ನೊಣದ ಗಾಯ ಇದೆಯೇ ನೋಡಿ. ಹಣೆಪಟ್ಟಿ ಚಿಕ್ಕದಾಗಿ ಕಿವಿಯ ಬುಡವನ್ನು ಹಿಸುಕುತ್ತಿದೆಯೇ ನೋಡಿ; ಪಟ್ಟಿಯ ಕೆಳಗೆ ಒಂದು ಬೆರಳು ಸಲೀಸಾಗಿ ಆಡಬೇಕು. ಎರಡೂ ಸರಿಯಿದ್ದು ಕಿವಿ ಹಾಗೇ ಇದ್ದರೆ ಕಿವಿಯನ್ನು ಬಿಟ್ಟು ಮುಖದ ಉಳಿದ ಭಾಗಕ್ಕೆ ಬನ್ನಿ.

ಲಕ್ಷಣ: ಕಣ್ಣ ಮೇಲೆ ಗೆರೆ, ಕಣ್ಣ ಬಿಳಿ, ಕಿರಿದಾದ ಕಣ್ಣು

ಮೇಲುರೆಪ್ಪೆಯ ಮೇಲೆ, ಒಳಮೂಲೆಗೆ ಹತ್ತಿರ, ಚರ್ಮ ಮೇಲಕ್ಕೆ ಎಳೆದು ಮೊನಚು ಗೆರೆ ಬಿದ್ದಿದ್ದರೆ ಆತಂಕ ಅಥವಾ ನೋವು. ಗೆರೆ ಬಂದು ಹೋಗುತ್ತಿದ್ದರೆ ಯಾವಾಗ ಬಂತು ಎಂದು ಚೀಟಿಯಲ್ಲಿ ಬರೆಯಿರಿ. ಕಣ್ಣ ಬಿಳಿ ಕಾಣುವುದು ಸಾಮಾನ್ಯವಾಗಿ ಗಾಬರಿ, ಆದರೆ ಹುಟ್ಟಿನಿಂದಲೇ ಬಿಳಿ ಕಾಣುವ ಕುದುರೆಗಳೂ ಇವೆ. ಹಳೆಯ ಫೋಟೊ ಇಲ್ಲಿ ಕೆಲಸಕ್ಕೆ ಬರುತ್ತದೆ.

ಎರಡು ಕಣ್ಣೂ ಕಿರಿದಾಗಿ ನೋಟ ಎಲ್ಲೂ ನಿಲ್ಲದಿದ್ದರೆ ಮೈಯಲ್ಲಿ ಎಲ್ಲೋ ನೋವು. ಒಂದೇ ಕಣ್ಣು ಮುಚ್ಚಿಕೊಂಡು ನೀರು ಸುರಿಯುತ್ತಿದ್ದರೆ ತೊಂದರೆ ಆ ಕಣ್ಣಿನಲ್ಲೇ; ಕಣ್ಣಿನ ಮುಂಭಾಗದ ಪಾರದರ್ಶಕ ಪದರಕ್ಕೆ ಗೀರು ಬಿದ್ದಿರಬಹುದು. ಅದೇ ದಿನ ವೈದ್ಯರು ನೋಡಲಿ. ಮನೆಯಲ್ಲಿ ಉಳಿದ ಸ್ಟೀರಾಯ್ಡ್ ಹನಿ ಹಾಕಬೇಡಿ, ಗೀರಿದ್ದರೆ ಹುಣ್ಣು ಆಳವಾಗಿ ಕಣ್ಣೇ ಹೋಗಬಹುದು.

ಲಕ್ಷಣ: ಬಿಗಿದ ತುಟಿ, ಗಟ್ಟಿ ಗದ್ದ, ಉಬ್ಬಿದ ದವಡೆ

ನನ್ನ ಮಟ್ಟಿಗೆ ಮುಖದಲ್ಲಿ ಹೆಚ್ಚು ನಂಬಬಹುದಾದ ಜಾಗ ಕಣ್ಣಿನಿಂದ ಕೆಳಗಿನದು. ಕಿವಿ ಸದ್ದಿಗೂ ತಿರುಗುತ್ತದೆ, ಕಣ್ಣು ಬೆಳಕಿಗೂ ಕಿರಿದಾಗುತ್ತದೆ. ಗದ್ದ ಕಾರಣವಿಲ್ಲದೆ ಕಲ್ಲಾಗುವುದಿಲ್ಲ.

2014ರಲ್ಲಿ ಇಟಲಿಯ ಎಮಾನುಯೆಲಾ ಡಾಲ್ಲಾ ಕೋಸ್ಟಾ ಮತ್ತು ಸಂಗಡಿಗರು, ಬೀಜ ತೆಗೆಸಿದ ಕುದುರೆಗಳ ಮುಖಗಳನ್ನು ನೋಡಿ ನೋವಿನ ಮಾಪಕವೊಂದನ್ನು ಸಿದ್ಧಪಡಿಸಿದರು. ಅದರಲ್ಲಿ ಆರು ಅಂಶ: ಹಿಂದಕ್ಕೆ ಸೆಟೆದ ಕಿವಿ, ಕಿರಿದಾದ ಕಣ್ಣು, ಕಣ್ಣ ಮೇಲಿನ ಬಿಗಿತ, ಉಬ್ಬಿದ ದವಡೆ ಸ್ನಾಯು, ಬಿಗಿದ ಬಾಯಿ ಮತ್ತು ಎದ್ದುಕಾಣುವ ಗದ್ದ, ಸೆಟೆದ ಹೊಳ್ಳೆ ಮತ್ತು ಚಪ್ಪಟೆಯಾದ ಮೂತಿ. ಪ್ರತಿಯೊಂದಕ್ಕೂ 0, 1 ಅಥವಾ 2 ಅಂಕ, ಒಟ್ಟು 12. ಮರುವರ್ಷ ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು ಕುದುರೆಯ ಮುಖದಲ್ಲಿ 17 ಬಗೆಯ ಚಲನೆ ಗುರುತಿಸಿದರು. ಹದಿನೇಳನ್ನೂ ಕಲಿಯಬೇಕಿಲ್ಲ. ಈ ಆರನ್ನು ಫೋಟೊ ಇಟ್ಟುಕೊಂಡು ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಬರೆದರೂ ಏರಿಳಿತ ಗೊತ್ತಾಗುತ್ತದೆ. ಕುದುರೆ ಮೇಯುತ್ತಿರುವಾಗ, ತೂಕಡಿಸುತ್ತಿರುವಾಗ ಅಂಕ ಹಾಕಬೇಡಿ, ತಪ್ಪಾಗುತ್ತದೆ.

ಬಾಯಿ ಬಿಗಿದಿದ್ದರೆ ಮೊದಲು ಮೂಗುಪಟ್ಟಿ ನೋಡಿ. ಮೂಗಿನ ಮೂಳೆಯ ಮೇಲೆ, ನಟ್ಟನಡುವೆ, ಪಟ್ಟಿಯ ಕೆಳಗೆ ದೊಡ್ಡವರ ಎರಡು ಬೆರಳು ಒಂದರ ಪಕ್ಕ ಒಂದು ಹೋಗಬೇಕು. ಕೆನ್ನೆಯ ಪಕ್ಕದಲ್ಲಿ ಬೆರಳು ತೂರಿಸಿ "ಹೋಗುತ್ತಲ್ಲ" ಎಂದರೆ ಲೆಕ್ಕಕ್ಕಿಲ್ಲ, ಅಲ್ಲಿ ಹೇಗೂ ಸಂದು ಇರುತ್ತದೆ. ಬಾಯಿ ತೆರೆಯುತ್ತದೆ ಎಂದು ಪಟ್ಟಿಯನ್ನು ಇನ್ನೊಂದು ತೂತು ಬಿಗಿ ಮಾಡುವುದು ಲಾಯಗಳಲ್ಲಿ ಮಾಮೂಲು. ಬಾಯಿ ತೆರೆಯುವುದು ನಿಲ್ಲುತ್ತದೆ, ಕಾರಣ ಒಳಗೇ ಉಳಿಯುತ್ತದೆ.

ಆಮೇಲೆ ತುಟಿಯ ಮೂಲೆ. ಎರಡೂ ಕಡೆ ಬಿರುಕು, ಗುಲಾಬಿ ಬಣ್ಣದ ಹಸಿಗಾಯ, ಹಳೆಯ ಗಾಯದ ಬಿಳಿ ಕಲೆ ಇದೆಯೇ? ಕಡಿವಾಣದ ಕಬ್ಬಿಣವನ್ನು ಉದ್ದಕ್ಕೂ ಬೆರಳಿನಿಂದ ಸವರಿ. ಕೀಲಿನ ಹತ್ತಿರ ಸವೆದು ಚೂಪಾಗಿದ್ದರೆ ಬೆರಳಿಗೇ ಗೊತ್ತಾಗುತ್ತದೆ. ಒಂದು ದಿನ ಕಡಿವಾಣವಿಲ್ಲದೆ, ತಲೆಗೆ ಬರೀ ಹಗ್ಗದ ಪಟ್ಟಿ ಹಾಕಿ ಕೈಯಲ್ಲೇ ನಡೆಸಿ ನೋಡಿ. ಗದ್ದ ಸಡಿಲವಾದರೆ ತೊಂದರೆ ಬಾಯಲ್ಲಿ, ಇಲ್ಲವೇ ಲಗಾಮು ಹಿಡಿಯುವ ಕೈಯಲ್ಲಿ.

ಹಲ್ಲು ಇದಾದ ಮೇಲೆ. ಕುದುರೆಯ ಹಲ್ಲು ವರ್ಷಕ್ಕೆ 2–3 ಮಿಲಿಮೀಟರ್‌ನಂತೆ ಹೊರಬರುತ್ತಲೇ ಇರುತ್ತದೆ, ಮೇವು ಅಗಿದು ಸವೆಯುತ್ತದೆ. ಸವೆತ ಸಮವಾಗದಿದ್ದರೆ ಅಂಚುಗಳು ಬ್ಲೇಡಿನಂತಾಗಿ ಕೆನ್ನೆಯ ಒಳಭಾಗ, ನಾಲಿಗೆ ಕೊಯ್ಯುತ್ತವೆ. ಹೊರಗಿನ ಸುಳಿವು: ಅರ್ಧ ಅಗಿದ ಹುಲ್ಲಿನ ಉಂಡೆ ಬಾಯಿಂದ ಬೀಳುವುದು, ಲದ್ದಿಯಲ್ಲಿ ಇಡೀ ಕಾಳು, ಬಾಯಿಯ ದುರ್ವಾಸನೆ, ತಲೆ ಒಂದೇ ಕಡೆ ವಾಲಿಸಿ ಅಗಿಯುವುದು. ಒಳಗೆ ಕೈ ಹಾಕಿ ಹಿಂದಿನ ಹಲ್ಲು ಮುಟ್ಟಲು ಹೋಗಬೇಡಿ, ಬೆರಳು ಹೋದ ಉದಾಹರಣೆಗಳಿವೆ. ಬಾಯಿ ತೆರೆದಿಡುವ ಚೌಕಟ್ಟು ಹಾಕಿ, ಬೇಕಾದರೆ ಮಂಪರು ಕೊಟ್ಟು ವೈದ್ಯರೇ ನೋಡಬೇಕು. ತೊಂದರೆ ಇಲ್ಲದ ಕುದುರೆಗೂ ವರ್ಷಕ್ಕೊಮ್ಮೆ ಈ ತಪಾಸಣೆ ಬೇಕು.

ನೆಕ್ಕುವುದು, ಅಗಿಯುವುದರ ಬಗ್ಗೆ ಒಂದು ಮಾತು. ತರಬೇತಿಯಲ್ಲಿ ಕುದುರೆ ತುಟಿ ನೆಕ್ಕಿದ ಕೂಡಲೇ "ಅರ್ಥ ಆಯ್ತು ಅದಕ್ಕೆ" ಎನ್ನುವ ರೂಢಿ ಇದೆ. ಅದು ಹೇಳುವುದು ಇಷ್ಟೇ: ಈಗಷ್ಟೇ ಬಿಗಿದಿತ್ತು, ಈಗ ಬಿಗಿ ಇಳಿಯುತ್ತಿದೆ. ಐದು ನಿಮಿಷಕ್ಕೊಮ್ಮೆ ನೆಕ್ಕುತ್ತಿದ್ದರೆ ಐದು ನಿಮಿಷಕ್ಕೊಮ್ಮೆ ಬಿಗಿಯುತ್ತಿದೆ ಎಂದರ್ಥ. ಸಂತೋಷಪಡುವುದಕ್ಕೆ ಮೊದಲು ಅದನ್ನು ಬಿಗಿ ಮಾಡುತ್ತಿರುವುದು ಏನು ಎಂದು ಹುಡುಕಿ.

ಲಕ್ಷಣ: ಜೀನು ತಂದರೆ ಕಚ್ಚಲು ಬರುತ್ತದೆ, ಹೊಟ್ಟೆಪಟ್ಟಿ ಎಳೆದರೆ ಬಾಲ ಬೀಸುತ್ತದೆ

ಇದನ್ನು ನಿಧಾನವಾಗಿ ಬಿಡಿಸಬೇಕು. ಒಂದೇ ಸಲ ಜೀನು ಹಾಕಿ ಬಿಗಿದರೆ ಎಲ್ಲಿ ಮುಖ ಬದಲಾಯಿತು ಎಂದು ತಿಳಿಯುವುದಿಲ್ಲ. ಒಬ್ಬರು ಮುಖವನ್ನು ವಿಡಿಯೊ ಮಾಡುತ್ತಿರಲಿ, ಇನ್ನೊಬ್ಬರು ಹಂತ ಹಂತವಾಗಿ ಮಾಡಲಿ: ಜೀನು ಹಿಡಿದು ಬಾಗಿಲಲ್ಲಿ ನಿಲ್ಲುವುದು, ಕೆಳಹಾಸು ಹಾಕುವುದು, ಜೀನು ಇಡುವುದು, ಪಟ್ಟಿಯನ್ನು ಮೊದಲ ತೂತಿಗೆ ಹಾಕುವುದು, ಬಿಗಿಯುವುದು. ಪ್ರತಿ ಹಂತದ ನಡುವೆ ಅರ್ಧ ನಿಮಿಷ ಬಿಡಿ.

ನಾನು ನೋಡಿದ ಒಂದು ಕಂದು ಹೆಣ್ಣು ಕುದುರೆ, ಜೀನು ಬೆನ್ನಿಗೇರಿದಾಗಲೂ ಕೆಳತುಟಿ ಜೋಲುಬಿಟ್ಟುಕೊಂಡೇ ನಿಂತಿತ್ತು. ಪಟ್ಟಿ ಎರಡನೆಯ ತೂತಿಗೆ ಬಂದಾಗ ಎಡ ಹೊಳ್ಳೆಯ ಹಿಂದೆ ಎರಡು ಸಣ್ಣ ಸುಕ್ಕು ಎದ್ದವು. ಮೂರನೆಯದಕ್ಕೆ ಕತ್ತು ತಿರುಗಿತು. ಎಡ ಮೊಣಕೈಯ ಹಿಂದೆ, ಕೂದಲ ಅಡಿಯಲ್ಲಿ, ಹುಣಸೆಬೀಜದಷ್ಟು ಗಟ್ಟಿ ಗಂಟು. ಪಟ್ಟಿಯ ಹೊಲಿಗೆ ಅದೇ ಜಾಗಕ್ಕೆ ಕೂರುತ್ತಿತ್ತು. ಆ ಕುದುರೆಗೆ "ಕಚ್ಚೋ ಕುದುರೆ" ಎಂಬ ಹೆಸರೇ ಬಿದ್ದಿತ್ತು.

ಆದ್ದರಿಂದ ಮೊದಲು ಕೈ. ಮೊಣಕೈಯ ಹಿಂದೆ, ಎದೆಯ ಕೆಳಗೆ ಬೆರಳ ತುದಿಯಿಂದ ನಿಧಾನ ಸವರಿ; ಗಂಟು, ಒಣ ಮಣ್ಣು, ಸೂಜಿಹುಲ್ಲಿನ ಮುಳ್ಳು, ಗಾಯ. ಕೆಳಹಾಸನ್ನು ಮಗುಚಿ ನೋಡಿ, ಬೆವರು ಒಣಗಿ ಉಪ್ಪಿನ ಗಟ್ಟಿ ಕಟ್ಟಿದ್ದರೆ ಒಗೆಯಿರಿ. ಇವಕ್ಕೆ ಹಣ ಬೇಕಿಲ್ಲ. ಪಟ್ಟಿಯನ್ನು ಒಂದೇ ಏಟಿಗೆ ಎಳೆಯುವ ಅಭ್ಯಾಸ ಬಿಟ್ಟು, ಒಂದು ತೂತು ಬಿಗಿದು ಹತ್ತು ಹೆಜ್ಜೆ ನಡೆಸಿ ಇನ್ನೊಂದು ತೂತು ಬಿಗಿಯಿರಿ.

ಎರಡನೆಯದು ಜೀನಿನ ಅಳತೆ. ಸವಾರ ಕೂತಾಗ, ಕತ್ತು ಬೆನ್ನಿಗೆ ಸೇರುವ ಉಬ್ಬಿಗೂ ಜೀನಿನ ಮುಂಭಾಗದ ಕಮಾನಿಗೂ ನಡುವೆ ಎರಡು ಮೂರು ಬೆರಳು ಜಾಗ ಉಳಿಯಬೇಕು. ಬೆನ್ನುಮೂಳೆಯ ಉದ್ದಕ್ಕೂ ನಡುಗಾಲುವೆಯಲ್ಲಿ ಬೆಳಕು ಕಾಣಬೇಕು. ಕೆಲಸ ಮುಗಿದ ಮೇಲೆ ಬೆವರಿನ ಗುರುತು ನೋಡಿ. ಸುತ್ತ ಒದ್ದೆಯಾಗಿ ನಡುವೆ ಅಂಗೈ ಅಗಲದ ಒಣ ತೇಪೆ ಇದ್ದರೆ ಅಲ್ಲಿ ಒತ್ತಡ ಸಮವಾಗಿಲ್ಲ. ಕಪ್ಪು, ಕಂದು ಕುದುರೆಯ ಜೀನಿನ ಜಾಗದಲ್ಲಿ ಬಿಳಿ ಕೂದಲ ಚುಕ್ಕೆಗಳಿದ್ದರೆ ಅವು ಹಳೆಯ ಒತ್ತಡದ ಗಾಯದ ಕುರುಹು. ರೈಡಿಂಗ್ ಶಾಲೆಗಳಲ್ಲಿ ಒಂದೇ ಜೀನು ನಾಲ್ಕು ಕುದುರೆಗಳ ಮೇಲೆ ಓಡಾಡುತ್ತಿರುತ್ತದೆ. ನಾಲ್ಕರ ಬೆನ್ನೂ ಒಂದೇ ಆಕಾರದ್ದಲ್ಲ ಎಂದು ಎಲ್ಲರಿಗೂ ಗೊತ್ತು.

ಮೂರನೆಯದು ಬೆನ್ನು. ಬೆನ್ನುಮೂಳೆಯ ಎರಡೂ ಪಕ್ಕ, ಅಂಗೈ ಚಪ್ಪಟೆ ಇಟ್ಟು, ಕತ್ತಿನಿಂದ ಸೊಂಟದವರೆಗೆ ಒಂದೇ ಸಮ ಒತ್ತುತ್ತ ಬನ್ನಿ. ಬೆರಳ ತುದಿಯಿಂದ ತಿವಿದರೆ ಆರೋಗ್ಯವಾದ ಬೆನ್ನೂ ಕುಸಿಯುತ್ತದೆ. ಒಂದೇ ಜಾಗದಲ್ಲಿ ಪ್ರತಿ ಸಲವೂ ಬೆನ್ನು ಕುಸಿದರೆ, ಅಥವಾ ಹಲಗೆಯಂತೆ ಗಟ್ಟಿಯಾಗಿ ಗದ್ದ ಬಿಗಿದರೆ, ಸವಾರಿ ನಿಲ್ಲಿಸಿ ವೈದ್ಯರಿಗೆ ತೋರಿಸಿ.

ನಾಲ್ಕನೆಯದು ಹೊಟ್ಟೆ. ಕುದುರೆಯ ಜಠರದಲ್ಲಿ ಆಮ್ಲ ದಿನವಿಡೀ ಸುರಿಯುತ್ತದೆ, ಅದನ್ನು ತಣಿಸುವ ಜೊಲ್ಲು ಅಗಿಯುವಾಗ ಮಾತ್ರ ಬರುತ್ತದೆ. ಸಂಜೆ ಆರಕ್ಕೆ ಮೇವು ಮುಗಿದು ಬೆಳಿಗ್ಗೆ ಐದಕ್ಕೆ ಖಾಲಿ ಹೊಟ್ಟೆಯಲ್ಲಿ ಓಡಿದರೆ ಹುಣ್ಣಾಗುವುದು ಸಹಜ. ರೇಸಿನ ತರಬೇತಿಯಲ್ಲಿರುವ ಕುದುರೆಗಳಲ್ಲಿ ಇದು ತೀರಾ ಸಾಮಾನ್ಯ. ಬೆಂಗಳೂರು, ಮೈಸೂರಿನ ಸವಾರಿ ಶಾಲೆಗಳಿಗೆ ರೇಸು ಬಿಟ್ಟ ಥರೋಬ್ರೆಡ್ (ರೇಸಿಗೆಂದೇ ಬೆಳೆಸಿದ ತಳಿ) ಕುದುರೆಗಳು ಬರುವುದರಿಂದ ಹೊಟ್ಟೆಪಟ್ಟಿಯ ದೂರು ಕೇಳಿದ ಕೂಡಲೇ ಹುಣ್ಣನ್ನು ನೆನೆಯುವುದು ಒಳ್ಳೆಯದು. ದಿನಕ್ಕೆ ಮೈತೂಕದ 1.5 ಶೇಕಡದಷ್ಟಾದರೂ, ಅಂದರೆ 400 ಕಿಲೋ ಕುದುರೆಗೆ 6 ಕಿಲೋ, ಒಣಲೆಕ್ಕದಲ್ಲಿ ಹುಲ್ಲು ಬೇಕು. ಸವಾರಿಗೆ ಮುಂಚೆ ಒಂದಿಷ್ಟು ಹುಲ್ಲು ಅಥವಾ ಕುದುರೆಮಸಾಲೆ (ಲೂಸರ್ನ್) ಸೊಪ್ಪು ತಿನ್ನಿಸಿ. ಹುಲ್ಲು ಕಡಿಮೆ ಮಾಡಿ ಓಟ್ಸು, ಹುರುಳಿ ಏರಿಸಿದರೆ ಹುಣ್ಣೂ ಹೆಚ್ಚುತ್ತದೆ, ಪುಟಿತವೂ ಹೆಚ್ಚುತ್ತದೆ.

ಲಕ್ಷಣ: ಸವಾರಿಯಲ್ಲಿ ಮಾತ್ರ ತಲೆ ಎತ್ತುವುದು, ಬಾಲ ಬಡಿಯುವುದು, ಮುಗ್ಗರಿಸುವುದು

ಹೋಲಿಸಿ ನೋಡುವುದೇ ಇಲ್ಲಿನ ಉಪಾಯ. ಜೀನಿಲ್ಲದೆ ಉದ್ದ ಹಗ್ಗದಲ್ಲಿ ಎರಡೂ ದಿಕ್ಕಿಗೆ ಸುತ್ತು ಬರಿಸಿ. ಆಮೇಲೆ ಜೀನು ಹಾಕಿ, ಸವಾರನಿಲ್ಲದೆ. ಆಮೇಲೆ ಹಗುರವಾದ, ಕೈ ಮೆತ್ತಗಿರುವ ಸವಾರ. ಯಾವ ಹಂತದಲ್ಲಿ ಬಾಲ ಬೀಸಲು ಶುರುವಾಯಿತೋ ಅದರ ಹಿಂದಿನ ಹಂತದಲ್ಲಿ ಇಲ್ಲದ್ದು ಏನು ಸೇರಿತು ಎಂದು ನೋಡಿ. ಒಬ್ಬ ಸವಾರನಡಿಯಲ್ಲಿ ಮಾತ್ರ ತಲೆ ಎತ್ತುತ್ತಿದ್ದರೆ ಆ ಸವಾರನ ಕೈ, ಕೂರುವ ರೀತಿ ನೋಡಬೇಕು. ರೇಸಿನಿಂದ ಬಂದ ಕುದುರೆಗೆ ಲಗಾಮಿನ ಬಿಗಿ ಎಂದರೆ ಅದಕ್ಕೆ ಆತುಕೊಂಡು ಇನ್ನೂ ಓಡುವುದು. ಹೊಸ ಸವಾರ ಹೆದರಿ ಎಳೆದಷ್ಟೂ ಓಟ ಹೆಚ್ಚಾಗುತ್ತದೆ.

ಬ್ರಿಟನ್ನಿನ ಪಶುವೈದ್ಯೆ ಸ್ಯೂ ಡೈಸನ್ ಮತ್ತು ಸಂಗಡಿಗರು ಸವಾರಿಯಲ್ಲಿರುವ ಕುದುರೆಗೆಂದೇ 24 ನಡವಳಿಕೆಗಳ ಪಟ್ಟಿ ಮಾಡಿದ್ದಾರೆ. ಪದೇ ಪದೇ ಬಾಯಿ ತೆರೆಯುವುದು, ನಾಲಿಗೆ ಹೊರಚಾಚುವುದು, ಕಿವಿ ಹೆಚ್ಚು ಹೊತ್ತು ಹಿಂದಿರುವುದು, ಕಡಿವಾಣ ಒಂದು ಪಕ್ಕಕ್ಕೆ ಎಳೆದುಹೋಗುವುದು, ಹಿಂಗಾಲ ತುದಿ ನೆಲಕ್ಕೆ ಉಜ್ಜುವುದು ಇಂಥವು. ಅದರಲ್ಲಿ 8 ಅಥವಾ ಹೆಚ್ಚು ಕಂಡರೆ ಮೂಳೆ, ಸ್ನಾಯು, ಕೀಲುಗಳಲ್ಲಿ ನೋವಿರುವ ಸಾಧ್ಯತೆ ಬಲವಾಗಿದೆ. ಕುಂಟುವುದು ಕಣ್ಣಿಗೆ ಕಾಣದಿದ್ದರೂ ಈ ಮಾತು ಅನ್ವಯಿಸುತ್ತದೆ. ಒಂದೆರಡು ಕಂಡರೆ ಗಾಬರಿ ಬೇಡ. ನೊಣ ಇದ್ದರೂ ಬಾಲ ಆಡುತ್ತದೆ.

ಲಾಳ ಹೊಡೆದ ಮಾರನೆಯ ದಿನವೇ ಶುರುವಾದದ್ದಾದರೆ ಬೇರೆಲ್ಲ ಬಿಟ್ಟು ಲಾಳ ಹೊಡೆದವರನ್ನೇ ಮತ್ತೆ ಕರೆಸಿ. ಮೊಳೆ ಒಳಪದರಕ್ಕೆ ತಾಗಿರಬಹುದು.

ಲಕ್ಷಣ: ಎಲ್ಲಕ್ಕೂ ಬೆಚ್ಚುತ್ತದೆ

ತಲೆ ಎತ್ತರಕ್ಕೆ, ಕಿವಿ ಒಂದೇ ದಿಕ್ಕಿಗೆ ನೆಟ್ಟು, ಹೊಳ್ಳೆ ಅರಳಿ ಗೊರಕೆಯಂಥ ಸದ್ದು. ಇದು ಭಯ. ಒಂದೇ ಪಕ್ಕದ ವಸ್ತುಗಳಿಗೆ ಮಾತ್ರ ಬೆಚ್ಚುತ್ತಿದ್ದರೆ ಆ ಪಕ್ಕದ ಕಣ್ಣು ಪರೀಕ್ಷೆಯಾಗಲಿ. ಎಲ್ಲ ಕಡೆ ಬೆಚ್ಚುತ್ತಿದ್ದರೆ ಕಾಳು ಎಷ್ಟು, ಕೆಲಸ ಎಷ್ಟು, ದಿನಕ್ಕೆ ಎಷ್ಟು ಹೊತ್ತು ಬಯಲಲ್ಲಿ ಬಿಡುತ್ತೀರಿ, ಇನ್ನೊಂದು ಕುದುರೆ ಕಣ್ಣಿಗೆ ಬೀಳುತ್ತದೆಯೇ ಎಂದು ಕೇಳಿಕೊಳ್ಳಿ. ಇಪ್ಪತ್ತಮೂರು ಗಂಟೆ ಒಂಟಿ ಲಾಯದಲ್ಲಿ ನಿಂತ ಪ್ರಾಣಿ ಉಳಿದ ಒಂದು ಗಂಟೆಯಲ್ಲಿ ಶಾಂತವಾಗಿರಲಿ ಎಂದು ಬಯಸುವುದು ನಮ್ಮ ತಪ್ಪು.

ಸದ್ದಿನ ಭಯಕ್ಕೆ ಮೈಸೂರಿನ ಪದ್ಧತಿ ನೋಡಬಹುದು. ದಸರೆಗೆ ಮುನ್ನ ಆನೆಗಳ ಜೊತೆ ಅಶ್ವಾರೋಹಿ ಪೊಲೀಸ್ ಪಡೆಯ ಕುದುರೆಗಳನ್ನೂ ನಿಲ್ಲಿಸಿ ಕುಶಾಲತೋಪಿನ ತಾಲೀಮು ನಡೆಸುತ್ತಾರೆ, ಅದೂ ಒಂದೇ ದಿನಕ್ಕೆ ಮುಗಿಸದೆ ಹಲವು ಸುತ್ತಿನಲ್ಲಿ. ಮನೆಯ ಮಟ್ಟದಲ್ಲಿ ಮಾಡುವುದಾದರೆ ಪಟಾಕಿಯ ಸದ್ದನ್ನು ಫೋನಿನಲ್ಲಿ ತೀರಾ ಸಣ್ಣಗೆ, ಕುದುರೆ ಹುಲ್ಲು ಅಗಿಯುತ್ತಿರುವಾಗ ಹಚ್ಚಿ. ದವಡೆ ಆಡುತ್ತಿದ್ದರೆ ಸರಿ. ಅಗಿಯುವುದು ನಿಂತಿತೋ, ಸದ್ದು ಹೆಚ್ಚಾಯಿತು, ಇಳಿಸಿ. ಮದುವೆ ಮೆರವಣಿಗೆಯ ಬ್ಯಾಂಡಿನ ಮುಂದೆ ಮೊದಲ ಸಲ ನಿಲ್ಲಿಸಿ "ಅಭ್ಯಾಸ ಆಗುತ್ತೆ ಬಿಡಿ" ಎನ್ನುವುದು ಜನರ ಜೀವಕ್ಕೂ ಅಪಾಯ.

ಲಕ್ಷಣ: ಏನೂ ಮಾಡುವುದಿಲ್ಲ, ತುಂಬಾ ಸಾಧು

ದೂರೇ ಬಾರದ ಲಕ್ಷಣ ಇದು. ಕಿವಿ ಪಕ್ಕಕ್ಕೆ ಜೋತು ಅಲುಗುವುದಿಲ್ಲ, ಕಣ್ಣು ತೆರೆದಿದ್ದರೂ ಏನನ್ನೂ ನೋಡುತ್ತಿಲ್ಲ, ಕತ್ತು ಬೆನ್ನಿನ ಮಟ್ಟಕ್ಕೆ ಇಳಿದು ಗೋಡೆಯ ಕಡೆ ಮುಖ. ತೂಕಡಿಸುತ್ತಿರುವ ಕುದುರೆಯಿಂದ ಬೇರೆ ಮಾಡುವುದು ಹೇಗೆ? ತೂಕಡಿಸುವುದರ ತುಟಿ, ಗದ್ದ ಸಡಿಲ. ಕೆಳಗೊಂದು ಹಿಡಿ ಹುಲ್ಲು ಅಲುಗಿಸಿದರೆ ಕಿವಿ ಬರುತ್ತದೆ. ಇದರ ಗದ್ದ ಗಟ್ಟಿ, ಹುಲ್ಲಿಗೂ ಕಿವಿ ಬರುವುದಿಲ್ಲ.

ಮೊದಲು ಜ್ವರ ನೋಡಿ. ಜ್ವರವಿದ್ದರೆ ರಕ್ತಪರೀಕ್ಷೆ ಬೇಕು. ಕಚ್ಚುವ ನೊಣದಿಂದ ಹರಡುವ ಸರ್ರಾ ಎಂಬ ರಕ್ತದ ಪರಾವಲಂಬಿ ರೋಗ ನಮ್ಮ ಕಡೆಯೂ ಇದೆ. ಮೂಗಿನಲ್ಲಿ ಅಂಟು ಸಿಂಬಳ, ಹುಣ್ಣು ಇದ್ದರೆ ಕೈಗವಸಿಲ್ಲದೆ ಮುಟ್ಟಬೇಡಿ, ಉಳಿದ ಕುದುರೆಗಳಿಂದ ಬೇರೆ ಕಟ್ಟಿ ವೈದ್ಯರಿಗೆ ತಿಳಿಸಿ. ಅದು ಗ್ಲ್ಯಾಂಡರ್ಸ್ ಎಂಬ ಅಂಟುರೋಗ ಆಗಿರಬಹುದು, ಮನುಷ್ಯರಿಗೂ ಬರುತ್ತದೆ. ಜ್ವರವಿಲ್ಲದಿದ್ದರೆ ಬಹುದಿನದ ನೋವು, ಅತಿ ದುಡಿಮೆ. ಟಾಂಗಾ ಕುದುರೆಗಳಲ್ಲಿ, ಮಕ್ಕಳನ್ನು ಹೊತ್ತು ಸುತ್ತುವ ಕುದುರೆಗಳಲ್ಲಿ ಇಂಥ ಮುಖ ಹೆಚ್ಚು ಕಾಣುತ್ತದೆ. ಒಂದು ವಾರ ಕೆಲಸ ಬಿಡಿಸಿ, ಬಯಲಿಗೆ ಬಿಟ್ಟು, ಅದೇ ಆರು ಅಂಕ ಮತ್ತೆ ಬರೆಯಿರಿ.

ಇಷ್ಟಾದರೂ ಗೊತ್ತಾಗದಿದ್ದರೆ

ಇಲ್ಲಿಂದ ಮುಂದಿನದಕ್ಕೆ ಖರ್ಚಿದೆ. ಹೊಟ್ಟೆಯ ಹುಣ್ಣನ್ನು ಖಚಿತವಾಗಿ ಹೇಳುವುದು ಮೂಗಿನ ಮೂಲಕ ಜಠರಕ್ಕೆ ಇಳಿಸುವ ಸುಮಾರು 3 ಮೀಟರ್ ಉದ್ದದ ಕ್ಯಾಮೆರಾ ಕೊಳವೆ. ಅದಕ್ಕೆ ಮುಂಚೆ ಎಷ್ಟು ಹೊತ್ತು ಉಪವಾಸ ಎಂದು ವೈದ್ಯರು ಹೇಳುತ್ತಾರೆ, ಲಾಯದಲ್ಲಿ ಯಾರೂ ಕರುಣೆಯಿಂದ ಒಂದು ಹಿಡಿ ಹುಲ್ಲು ಹಾಕದಂತೆ ಬಾಗಿಲಿಗೆ ಚೀಟಿ ಅಂಟಿಸಿ. ಕಾಲಿನ ನೋವು ಎಲ್ಲಿದೆ ಎಂದು ಹುಡುಕಲು ನರಕ್ಕೆ ಮರಗಟ್ಟುವ ಚುಚ್ಚುಮದ್ದು ಕೊಟ್ಟು ಕೆಳಗಿನಿಂದ ಮೇಲಕ್ಕೆ ಒಂದೊಂದು ಭಾಗ ಪರೀಕ್ಷಿಸುತ್ತಾರೆ, ಆಮೇಲೆ ಎಕ್ಸ್‌ರೇ, ಸ್ಕ್ಯಾನು. ಊರಲ್ಲಿ ಈ ಸೌಲಭ್ಯ ಇಲ್ಲದಿದ್ದರೆ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ಬೋಧನಾ ಆಸ್ಪತ್ರೆಗಳಲ್ಲಿ ಏನು ಸಿಗುತ್ತದೆ ಎಂದು ನಿಮ್ಮ ವೈದ್ಯರ ಮೂಲಕ ವಿಚಾರಿಸಿ. ನಿಮ್ಮ ಚೀಟಿ, ಫೋಟೊ, ವಿಡಿಯೊಗಳನ್ನು ಜೊತೆಗೆ ಒಯ್ಯಿರಿ. ಹೊಸ ಜಾಗದಲ್ಲಿ ಕುದುರೆ ಕುಂಟುವುದನ್ನೇ ಮರೆಯುವುದುಂಟು.

ಕೆಲವು ವೈದ್ಯರು ಕೆಲ ದಿನ ನೋವಿನ ಔಷಧ ಕೊಟ್ಟು ನಡವಳಿಕೆ ಬದಲಾಗುತ್ತದೆಯೇ ನೋಡುತ್ತಾರೆ. ಬದಲಾದರೆ ನೋವಿತ್ತು ಎಂದು ತಿಳಿಯಿತು. ಬದಲಾಗದಿದ್ದರೆ ನೋವಿಲ್ಲ ಎಂದಾಗುವುದಿಲ್ಲ. ಜಠರದ ಹುಣ್ಣಿಗೆ ಆ ಔಷಧ ನಾಟುವುದಿಲ್ಲ, ಕೆಲವೊಮ್ಮೆ ಹುಣ್ಣನ್ನು ಹೆಚ್ಚಿಸಲೂಬಹುದು. ನೋವು ವಾಸಿಯಾದ ಮೇಲೂ ಕೆಲವು ವಾರ ಜೀನು ಕಂಡರೆ ಮುಖ ಬಿಗಿಯುತ್ತದೆ, ನೆನಪು ಹೋಗಲು ಸಮಯ ಬೇಕು. ತರಬೇತುದಾರರನ್ನು ಕರೆಸುವ ಹೊತ್ತು ಅದು. ಬಂದವರು ಮೊದಲ ದಿನವೇ ಮೂಗುಪಟ್ಟಿಯನ್ನು ಒಂದು ತೂತು ಬಿಗಿ ಮಾಡಿದರೆ ಬೇರೆಯವರನ್ನು ಹುಡುಕಿ.